ಪದ ವಿಚಾರ: ಪುಕ್ಕಲನ ಎದೆಯ ಸದ್ದು

ಈ ಸಲದ ಟಪಾಲಿನಲ್ಲಿ ಅಂಜಿಕೆಯದೇ ಮೇಲುಗೈ. ಪುಕ್ಕಲ, ಹೇಡಿ, ಅಂಜುಬುರುಕ ಇವುಗಳನ್ನು ಕುರಿತ ಪತ್ರಗಳೇ ಹೆಚ್ಚು ಬಂದಿದ್ದರಿಂದ ಬೇರೆ ಪದಗಳನ್ನು ಮುಂದಕ್ಕೆ ಹಾಕಿ ಇವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ‘ಪುಕ್ಕಲ’ ಎಂಬುದು ಹಕ್ಕಿಯ ಪುಕ್ಕದಿಂದ ಬಂದ ಪದವೇ? ಕೋಳಿ ಹೆದರಿದಾಗ ಪುಕ್ಕ ಕೆದರುತ್ತದೆ, ಅದಕ್ಕೇ ಹೆದರುವವನು ಪುಕ್ಕಲ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು.
– ಓದುಗರು, ತಿಪಟೂರು

ಉತ್ತರ: ಮೇಷ್ಟ್ರು ಹೇಳಿದ್ದು ಕೇಳಲು ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. ಮೊದಲನೆಯದಾಗಿ ಕೋಳಿಯನ್ನೇ ನೋಡಿ. ಎರಡು ಹುಂಜ ಕಾಳಗಕ್ಕೆ ನಿಂತಾಗ ಕತ್ತಿನ ಸುತ್ತಲಿನ ಪುಕ್ಕ ನಿಗುರಿ ನಿಲ್ಲುತ್ತದೆ. ಮರಿಗಳ ಹತ್ತಿರ ನಾಯಿ ಬಂದರೆ ಹೇಂಟೆ ಮೈ ಉಬ್ಬಿಸಿಕೊಂಡು ಮೇಲೆ ಬೀಳುತ್ತದೆ. ಪುಕ್ಕ ಕೆದರುವುದು ಕೆಚ್ಚಿನ ಗುರುತೂ ಹೌದು. ಎರಡನೆಯದಾಗಿ, ಕನ್ನಡದಲ್ಲಿ ‘ಪುಕ್ಕ’ ಸೇರಿದ ನುಡಿಗಟ್ಟುಗಳಲ್ಲಿ ಹೆದರಿಕೆಯ ಸುಳಿವೇ ಇಲ್ಲ. ಸುದ್ದಿಗೆ ರೆಕ್ಕೆಪುಕ್ಕ ಬರುತ್ತದೆ, ಹಾರಲು ಕಲಿತ ಹುಡುಗನಿಗೆ ರೆಕ್ಕೆಪುಕ್ಕ ಮೂಡುತ್ತದೆ. ಎಲ್ಲವೂ ಹಾರುವ ಮಾತು, ನಡುಗುವ ಮಾತು ಒಂದೂ ಇಲ್ಲ.

ಪುಕ್ಕಲನ ಬೇರನ್ನು ಹಕ್ಕಿಯ ಮೈಮೇಲೆ ಹುಡುಕುವ ಬದಲು ಮನುಷ್ಯನ ಎದೆಯೊಳಗೆ ಹುಡುಕುವುದು ಸರಿ. ‘ಎದೆ ಪುಕಪುಕ ಅಂತಿದೆ’, ‘ಒಳಗೊಳಗೇ ಪುಕಪುಕ’ ಎಂದು ಇವತ್ತಿಗೂ ಆಡುತ್ತೇವಲ್ಲ, ಆ ಸದ್ದು ಅದು. ಡವಡವ ಎಂದರೆ ಗಟ್ಟಿಯಾಗಿ, ಹೊಡೆದಂತೆ ಮಿಡಿಯುವ ಎದೆ. ಪುಕಪುಕ ಎಂದರೆ ಸಣ್ಣಗೆ, ಬೇಗಬೇಗ, ನಿಂತೇ ಹೋದೀತೇನೋ ಎನ್ನುವಂತೆ ಮಿಡಿಯುವ ಎದೆ. ಇದನ್ನು ಅನುಕರಣ ಪದ ಎನ್ನುತ್ತಾರೆ. ಅನುಕರಣದಿಂದ ಮನುಷ್ಯನನ್ನು ಹೆಸರಿಸುವ ಪದ ಹುಟ್ಟುವುದು ಕನ್ನಡದಲ್ಲಿ ಹೊಸತಲ್ಲ. ಬಿಕ್ಕು, ಬಿಕ್ಕಲು, ಬಿಕ್ಕಲ ಈ ಮೂರನ್ನು ಜೋಡಿಸಿ ನೋಡಿ. ಬಿಕ್ಕಿಬಿಕ್ಕಿ ಬರುವ ಮಾತು ಬಿಕ್ಕಲು, ಹಾಗೆ ಮಾತಾಡುವವನು ಬಿಕ್ಕಲ. ತೊದಲು, ತೊದಲ ಎಂಬ ಜೋಡಿಯೂ ಇಂಥದ್ದೇ. ಪುಕ್ಕಲು, ಪುಕ್ಕಲ ಅದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹಳಗನ್ನಡದಲ್ಲಿ ಪಕಾರದಿಂದ ಶುರುವಾಗುತ್ತಿದ್ದ ಅಚ್ಚಕನ್ನಡ ಪದಗಳು ಹೊಸಗನ್ನಡಕ್ಕೆ ಬರುವಾಗ ಹಕಾರಕ್ಕೆ ತಿರುಗಿದವು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಹಾಗಿದ್ದರೆ ಪುಕ್ಕಲ ಏಕೆ ‘ಹುಕ್ಕಲ’ ಆಗಲಿಲ್ಲ? ಸದ್ದನ್ನು ಅನುಕರಿಸುವ ಪದಗಳು ಈ ಬದಲಾವಣೆಗೆ ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಪಟಪಟ ‘ಹಟಹಟ’ ಆಗಲಿಲ್ಲ, ಪಕಪಕ ನಗುವುದು ‘ಹಕಹಕ’ ಆಗಲಿಲ್ಲ, ಪಿಸುಮಾತು ‘ಹಿಸುಮಾತು’ ಆಗಲಿಲ್ಲ. ಆದರೆ ಈ ಪರೀಕ್ಷೆಯೊಂದರಿಂದಲೇ ತೀರ್ಪು ಕೊಡಲು ಬರುವುದಿಲ್ಲ, ಏಕೆಂದರೆ ಹಕ್ಕಿಯ ‘ಪುಕ್ಕ’ವೂ ಪಕಾರವನ್ನು ಉಳಿಸಿಕೊಂಡಿದೆ. ತಕ್ಕಡಿ ವಾಲುವುದು ಅರ್ಥದಿಂದ. ಪುಕಪುಕ ಎಂಬುದರಲ್ಲಿ ಹೆದರಿಕೆ ಮೊದಲೇ ಕೂತಿದೆ, ಪುಕ್ಕದಲ್ಲಿ ಅದನ್ನು ನಾವು ತಂದು ಕೂರಿಸಬೇಕು.

ಬರೆಯುವವರಿಗೆ ಒಂದು ಮಾತು. ರೂಪಗಳು ಹೀಗೆ: ಗಂಡಸಿಗೆ ಪುಕ್ಕಲ, ಹೆಂಗಸಿಗೆ ಪುಕ್ಕಲಿ, ವಿಶೇಷಣಕ್ಕೂ ಪ್ರಾಣಿಗೂ ಪುಕ್ಕಲು, ಗುಣಕ್ಕೆ ಪುಕ್ಕಲುತನ. ‘ಪುಕ್ಕಲತನ’ ಎಂದು ಅಚ್ಚಾಗುವುದನ್ನು ಆಗಾಗ ನೋಡುತ್ತೇವೆ. ಒರಟ, ಒರಟಿ, ಒರಟು, ಒರಟುತನ ಎಂಬ ಸಾಲನ್ನೋ ಮೊಂಡ, ಮೊಂಡಿ, ಮೊಂಡು, ಮೊಂಡುತನ ಎಂಬ ಸಾಲನ್ನೋ ನೆನಪಿಟ್ಟುಕೊಂಡರೆ ಉಕಾರ ತಪ್ಪಿಹೋಗುವುದಿಲ್ಲ.

ಪ್ರಶ್ನೆ: ನಮ್ಮ ಕಡೆ ಮಲಯಾಳಿ ನೆರೆಹೊರೆಯವರು ಹೆದರಿಕೆಗೆ ‘ಪೇಡಿ’ ಎನ್ನುತ್ತಾರೆ. ನಮ್ಮ ‘ಹೇಡಿ’ಗೂ ಇದಕ್ಕೂ ನಂಟಿದೆಯೇ? ಇದ್ದರೆ, ಅವರಲ್ಲಿ ಭಾವದ ಹೆಸರಾದದ್ದು ನಮ್ಮಲ್ಲಿ ಮನುಷ್ಯನ ಹೆಸರಾದದ್ದು ಹೇಗೆ?
– ಓದುಗರು, ಕಾಸರಗೋಡು

ಉತ್ತರ: ನಂಟಿದೆ, ಮತ್ತು ಅದು ನೀವು ಅಂದುಕೊಂಡದ್ದಕ್ಕಿಂತ ದೊಡ್ಡ ಸಂಸಾರ. ಕನ್ನಡದಲ್ಲೂ ಇದು ಮೊದಲು ಪೇಡಿಯೇ. ಪೇಳ್ ಹೇಳು ಆಯಿತು, ಪೇನ್ ಹೇನು ಆಯಿತು, ಹಾಗೆಯೇ ಪೇಡಿ ಹೇಡಿ ಆಯಿತು. ಹತ್ತನೆಯ ಶತಮಾನದ ಸುಮಾರಿಗೆ ತಲೆಹಾಕಿದ ಈ ಬದಲಾವಣೆ ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಮುಗಿದಿತ್ತು. ಆಮೇಲೆ ಬಂದ ಪದಗಳಿಗೆ ಅದು ತಾಗಲಿಲ್ಲ. ಧಾರವಾಡದ ಪೇಡೆ ‘ಹೇಡೆ’ ಆಗದೆ ಉಳಿದದ್ದು ಆ ಪುಣ್ಯದಿಂದ.

ಹಳೆಯ ಪಕಾರ ಪೂರ್ತಿ ಅಳಿಸಿಹೋಗಿಲ್ಲ. ‘ಹೆಂಬೇಡಿ’ ಎಂಬ ಬೈಗುಳವನ್ನು ಬಿಡಿಸಿ ನೋಡಿ: ಪೆಣ್ ಮತ್ತು ಪೇಡಿ. ಅನುನಾಸಿಕದ ಬೆನ್ನಿಗೆ ಬಂದ ಪಕಾರ ಬಕಾರವಾಗುವುದು ಶಾಲೆಯಲ್ಲಿ ಕಲಿತ ಆದೇಶ ಸಂಧಿ. ಹಾಗೆ ಬಕಾರವಾದದ್ದರಿಂದಲೇ ಅದು ಹಕಾರದ ಕೈಗೆ ಸಿಗದೆ ಉಳಿಯಿತು. ಕಣ್ ಮತ್ತು ಪನಿ ಸೇರಿ ಕಂಬನಿ ಆದದ್ದೂ ಹೀಗೆಯೇ. ಒಂಟಿಯಾಗಿದ್ದ ಪನಿ ಹನಿಯಾಯಿತು, ಕಂಬನಿಯೊಳಗೆ ಕೂತದ್ದು ಬನಿಯಾಗಿಯೇ ಇದೆ. ತೋಟದವರಿಗೆ ಇನ್ನೂ ಹತ್ತಿರದ ಉದಾಹರಣೆ ಅಡಿಕೆ ಮರದಲ್ಲಿದೆ. ಕೆಳಗೆ ಬಿದ್ದದ್ದು ಹಾಳೆ, ಮರದಲ್ಲಿ ಹೂವಾಗಿ ಬಿರಿದದ್ದು ಹೊಂಬಾಳೆ. ಎರಡರಲ್ಲೂ ಇರುವುದು ಒಂದೇ ‘ಪಾಳೆ’.

ಇನ್ನು ಅರ್ಥ. ಇಲ್ಲಿ ತುಸು ನಿಧಾನವಾಗಿ ಹೋಗಬೇಕು. ಮಲಯಾಳದಲ್ಲಿ ಪೇಡಿ ಎಂದರೆ ಹೆದರಿಕೆ, ‘ಪೇಡಿಕ್ಕೇಂಡ’ ಎಂದರೆ ಹೆದರಬೇಡ. ತೆಲುಗಿನಲ್ಲಿ ಪೇಡಿ ಎಂದರೆ ನಪುಂಸಕ. ತಮಿಳಿನಲ್ಲಿ ಪೇಡಿ ಎಂದರೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ವ್ಯಕ್ತಿ, ಜೊತೆಗೆ ಅಂಜುಬುರುಕ ಎಂಬ ಅರ್ಥವೂ ಉಂಟು. ಅದೇ ತಮಿಳಿನಲ್ಲಿ ‘ಪೇಡೈ’ ಎಂದರೆ ಹೆಣ್ಣು ಹಕ್ಕಿ. ಈ ನಾಲ್ಕನ್ನೂ ಸಾಲಾಗಿ ಇಟ್ಟರೆ ದಾರಿ ಕಾಣುತ್ತದೆ: ಹೆಣ್ಣು, ಹೆಣ್ಣಿನಂತಿರುವ ಗಂಡು, ಅಂಥವನಿಗೆ ಧೈರ್ಯವಿಲ್ಲವೆಂಬ ಎಣಿಕೆ, ಕೊನೆಗೆ ಬರೀ ಅಂಜಿಕೆ. ಮಲಯಾಳ ಈ ದಾರಿಯ ಕೊನೆಯವರೆಗೂ ನಡೆದು ಮನುಷ್ಯನನ್ನೇ ಬಿಟ್ಟು ಭಾವವನ್ನಷ್ಟೇ ಇಟ್ಟುಕೊಂಡಿತು. ಕನ್ನಡ ಅದಕ್ಕಿಂತ ಒಂದು ಹೆಜ್ಜೆ ಹಿಂದೆ, ಅಂಜುವ ಮನುಷ್ಯನ ಹತ್ತಿರ ನಿಂತಿತು. ತೆಲುಗು ಅಷ್ಟು ದೂರ ಬರಲೇ ಇಲ್ಲ.

ಈ ಎಣಿಕೆ ದ್ರಾವಿಡ ಭಾಷೆಗಳದ್ದು ಮಾತ್ರವಲ್ಲ. ಸಂಸ್ಕೃತದ ‘ಕ್ಲೀಬ’ಕ್ಕೂ ಇದೇ ಎರಡು ಮುಖ. ಭಗವದ್ಗೀತೆಯ ಎರಡನೆಯ ಅಧ್ಯಾಯದ ಮೂರನೆಯ ಶ್ಲೋಕದಲ್ಲಿ ಕೃಷ್ಣ ಅರ್ಜುನನಿಗೆ ‘ಕ್ಲೈಬ್ಯ’ಕ್ಕೆ ಇಳಿಯಬೇಡ ಎನ್ನುವಾಗ ಬೈಯುತ್ತಿರುವುದು ಎದೆಗುಂದುವಿಕೆಯನ್ನು. ಪಾರಸಿಯಿಂದ ಬಂದ ‘ನಾಮರ್ದ’ವನ್ನು ಬಿಡಿಸಿದರೆ ಗಂಡಸಲ್ಲದವನು ಎಂದಷ್ಟೇ ಅರ್ಥ. ನಮ್ಮ ‘ಬಳೆ ತೊಟ್ಟುಕೋ ಹೋಗು’ ಎಂಬ ಮೂದಲಿಕೆಯೂ ಇದೇ ಗಿಡದ ಕೊಂಬೆ.

ಆದರೆ ಕತೆ ಈ ಎಣಿಕೆಯ ಕಿವಿ ಹಿಂಡುತ್ತದೆ. ವಿರಾಟಪರ್ವ ನೆನಪಿಸಿಕೊಳ್ಳಿ. ಕೌರವರು ದನಗಳನ್ನು ಅಟ್ಟಿಕೊಂಡು ಹೋದ ಸುದ್ದಿ ಬಂದಾಗ ರಾಜಕುಮಾರ ಉತ್ತರ ಹೆಂಗಸರ ನಡುವೆ ಕೂತು, ಸಾರಥಿಯೊಬ್ಬ ಇದ್ದಿದ್ದರೆ ಭೀಷ್ಮ ದ್ರೋಣರನ್ನೆಲ್ಲ ಸದೆಬಡಿದು ಬರುತ್ತಿದ್ದೆ ಎಂದು ಕೊಚ್ಚಿಕೊಳ್ಳುತ್ತಾನೆ. ಸಾರಥಿಯಾಗಿ ಬೃಹನ್ನಳೆ ಸಿಗುತ್ತಾಳೆ. ಕೌರವ ಸೇನೆ ಕಣ್ಣಿಗೆ ಬಿದ್ದದ್ದೇ ತಡ, ಉತ್ತರ ರಥದಿಂದ ಧುಮುಕಿ ಓಟ ಕೀಳುತ್ತಾನೆ. ಬೃಹನ್ನಳೆ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದು, ಅವನನ್ನೇ ಸಾರಥಿ ಮಾಡಿ, ಬನ್ನಿಮರದಿಂದ ಆಯುಧ ಇಳಿಸಿ ತಾನೇ ಕಾದುತ್ತಾಳೆ. ‘ಉತ್ತರನ ಪೌರುಷ ಒಲೆ ಮುಂದೆ’ ಎಂಬ ಗಾದೆ ಹುಟ್ಟಿದ್ದು ಈ ಪ್ರಸಂಗದಿಂದ. ತಮಿಳಿನ ‘ಮಣಿಮೇಖಲೈ’ ಕಾವ್ಯದಲ್ಲಿ ವಿರಾಟನ ಊರಿನಲ್ಲಿ ‘ಪೇಡಿಯಾದ ವಿಜಯ’ನನ್ನು ನೋಡಲು ಜನ ಮುತ್ತಿದಂತೆ ಎಂಬ ಹೋಲಿಕೆ ಬರುತ್ತದೆ. ಅಲ್ಲಿ ಪೇಡಿ ಎಂದರೆ ಅರ್ಜುನನೇ. ಪದದ ಹಳೆಯ ಅರ್ಥದಲ್ಲಿ ಆ ರಥದ ಮೇಲಿದ್ದ ಪೇಡಿ ಅರ್ಜುನ, ಹೊಸ ಅರ್ಥದಲ್ಲಿ ಹೇಡಿ ಉತ್ತರ. ಒಂದೇ ರಥದಲ್ಲಿ ಇಬ್ಬರೂ ಇದ್ದರು, ಗೆದ್ದದ್ದು ಯಾರೆಂದು ಎಲ್ಲರಿಗೂ ಗೊತ್ತು.

ಇಷ್ಟು ತಿಳಿದ ಮೇಲೆ ‘ಹೇಡಿ’ಯನ್ನು ಬಳಸಬಹುದೇ ಎಂದು ಕೆಲವರು ಅಳುಕಬಹುದು. ಬಳಸಬಹುದು. ಇವತ್ತಿನ ಕನ್ನಡಿಗನ ಕಿವಿಗೆ ಅದರಲ್ಲಿ ಲಿಂಗದ ಮಾತು ಕೇಳುವುದಿಲ್ಲ, ಗಂಡಿಗೂ ಹೆಣ್ಣಿಗೂ ಅದೊಂದೇ ರೂಪ. ‘ಷಂಡ’, ‘ನಾಮರ್ದ’, ‘ಹೆಂಬೇಡಿ’ ಹಾಗಲ್ಲ. ಅವುಗಳೊಳಗಿನ ಮುಳ್ಳು ಇನ್ನೂ ಮೊನಚಾಗಿದೆ, ಚುಚ್ಚುವುದು ಬೈಸಿಕೊಂಡವನನ್ನು ಮಾತ್ರವಲ್ಲ. ಅಂಜಿಕೆಯನ್ನು ಹೇಳಲು ಬೇರೆ ಪದಗಳಿಗೆ ಬರವಿಲ್ಲದಿರುವಾಗ ಇವನ್ನು ಬಿಡುವುದೇ ಲೇಸು.

ಪ್ರಶ್ನೆ: ‘ಉಗ್ರರ ಹೇಡಿ ಕೃತ್ಯ’ ಎಂದು ಪತ್ರಿಕೆಗಳು ಬರೆಯುತ್ತವೆ. ‘ಪುಕ್ಕಲು ಕೃತ್ಯ’ ಎಂದು ಏಕೆ ಬರೆಯುವುದಿಲ್ಲ? ಎರಡರ ಅರ್ಥ ಒಂದೇ ಅಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಒಂದೇ ಅಲ್ಲ. ಪುಕ್ಕಲುತನ ಸ್ವಭಾವ, ಹೇಡಿತನ ನಡತೆ. ಕತ್ತಲೆಗೆ ಹೆದರಿ ಅಮ್ಮನ ಸೆರಗು ಹಿಡಿಯುವ ಮಗು ಪುಕ್ಕಲು, ಅದನ್ನು ಹೇಡಿ ಎಂದರೆ ಅಮ್ಮನಿಗೆ ಸಿಟ್ಟು ಬರುವುದು ನ್ಯಾಯ. ನಿಲ್ಲಬೇಕಾದ ಕಡೆ ನಿಲ್ಲದೆ ಬೆನ್ನು ತೋರಿಸಿದವನು, ಎದುರು ಬರಲಾರದೆ ಹಿಂದಿನಿಂದ ಹೊಡೆದವನು ಹೇಡಿ. ‘ರಣಹೇಡಿ’ ಇದೆ, ‘ರಣಪುಕ್ಕಲ’ ಇಲ್ಲ. ಪುಕ್ಕಲನನ್ನು ನಕ್ಕು ಬಿಟ್ಟುಬಿಡಬಹುದು, ಹೇಡಿಯನ್ನು ಕ್ಷಮಿಸಬೇಕಾಗುತ್ತದೆ. ಹೇಡಿ ಎನ್ನುವುದು ತೀರ್ಪು, ಹಾಗಾಗಿ ಕಾಯಿಲೆ ಬಿದ್ದವರ, ನೊಂದವರ ವಿಷಯದಲ್ಲಿ ಅದನ್ನು ಎಸೆಯಬಾರದು. ಆತ್ಮಹತ್ಯೆಯ ಸುದ್ದಿಯಲ್ಲಿ ಹೇಡಿತನದ ಮಾತು ತರುವ ಬರವಣಿಗೆ ನಮ್ಮ ದೃಷ್ಟಿಯಲ್ಲಿ ಭಾಷೆಯ ತಪ್ಪೂ ಹೌದು.

ಪದದ ಈ ಕಾವು ಸಂಸತ್ತಿಗೂ ತಟ್ಟಿದೆ. 2022ರ ಜುಲೈನಲ್ಲಿ ಲೋಕಸಭಾ ಸಚಿವಾಲಯ ಹೊರತಂದ ಅಸಂಸದೀಯ ಪದಗಳ ಪಟ್ಟಿಯಲ್ಲಿ ಹೇಡಿಗೆ ಸಮನಾದ ಇಂಗ್ಲಿಷಿನ ‘ಕವರ್ಡ್’ ಕೂಡ ಇತ್ತು. ಯಾವ ಪದವನ್ನೂ ನಿಷೇಧಿಸಿಲ್ಲ, ಸಂದರ್ಭ ನೋಡಿ ಕಡತದಿಂದ ತೆಗೆಯಲಾಗುತ್ತದೆ ಎಂದು ಸಭಾಧ್ಯಕ್ಷರು ಆಮೇಲೆ ಸ್ಪಷ್ಟಪಡಿಸಿದರು.

ಪ್ರಶ್ನೆ: ಅಂಜುಬುರುಕ ಎಂಬಲ್ಲಿ ‘ಬುರುಕ’ ಎಂದರೇನು? ಬುರುಡೆಯೇ, ಬುರುಗೇ?
– ಓದುಗರು, ರಾಣೆಬೆನ್ನೂರು

ಉತ್ತರ: ಎರಡೂ ಅಲ್ಲ. ಅದು ಈಗ ಒಂಟಿಯಾಗಿ ಓಡಾಡದ, ಬೇರೊಂದು ಪದದ ಬಾಲ ಹಿಡಿದೇ ಬರುವ ಪ್ರತ್ಯಯ. ಅಳುಬುರುಕ, ನಿದ್ದೆಬುರುಕ, ಅಂಜುಬುರುಕ ಮೂರನ್ನೂ ನೋಡಿದರೆ ಕೆಲಸ ತಿಳಿಯುತ್ತದೆ: ಒಂದು ಕೆಟ್ಟ ಚಟ ಮೈಗೆ ಹತ್ತಿದವನು. ತೆಲುಗಿನಲ್ಲಿ ಅಂಜುಬುರುಕನಿಗೆ ‘ಪಿರಿಕಿ’ ಎನ್ನುವುದರಿಂದ ಬುರುಕವನ್ನು ಅದಕ್ಕೆ ಗಂಟುಹಾಕುವ ಆಸೆಯಾಗುತ್ತದೆ. ಆದರೆ ಅಳುಬುರುಕನಲ್ಲಿ, ನಿದ್ದೆಬುರುಕನಲ್ಲಿ ಅಂಜಿಕೆ ಎಲ್ಲಿದೆ? ಒಂದು ಪದಕ್ಕೆ ಹೊಂದುವ ವಿವರಣೆ ಅದರ ಒಡಹುಟ್ಟುಗಳಿಗೂ ಹೊಂದಬೇಕು. ಹೊಂದದಿದ್ದರೆ ಕೈಬಿಡಬೇಕು.

ಚಟವನ್ನು ಹೇಳಲು ಕನ್ನಡದಲ್ಲಿ ಇಂಥ ಬಾಲಗಳ ಒಂದು ಹಿಂಡೇ ಇದೆ. ಹೊಟ್ಟೆಬಾಕ, ತಿಂಡಿಪೋತ, ಜಗಳಗಂಟ, ಲಂಚಗುಳಿ. ‘ಲಂಚಕೋರ’ದ ‘ಕೋರ’ ಮಾತ್ರ ಪಾರಸಿಯದು, ತಿನ್ನುವವನು ಎಂದು ಅರ್ಥ. ಅಂಜಿಕೆಗೆ ಇವುಗಳಲ್ಲಿ ಬುರುಕ, ಗುಳಿ ಎರಡೂ ಒಗ್ಗುತ್ತವೆ: ಅಂಜುಬುರುಕ, ಅಂಜುಗುಳಿ. ನಿಮ್ಮ ಕಡೆಯ ‘ಅಂಜಬುರುಕ’ವೂ ತಪ್ಪಲ್ಲ, ಅದು ಆಡುನುಡಿಯ ರೂಪ. ಹೆಂಗಸಿಗೆ ಅಂಜುಬುರುಕಿ.

ಪ್ರಶ್ನೆ: ನರಪೇತಲ ಎಂದರೆ ಹೇಡಿಯೇ?
– ಓದುಗರು, ಕೊಳ್ಳೇಗಾಲ

ಉತ್ತರ: ಅಲ್ಲ. ನರಪೇತಲ, ಬಡಕಲು, ಸಣಕಲು, ಪೀಚು ಇವೆಲ್ಲ ಮೈಯ ಮಾತು. ನರಪೇತಲನಿಗೂ ಎಂಟೆದೆ ಇರಬಹುದು, ಪೈಲ್ವಾನನೂ ಜಿರಲೆಗೆ ಹೆದರಬಹುದು. ಮೈಯಲ್ಲಿ ಕಸುವಿಲ್ಲದೆ, ಎದುರಿಸಲು ಧೈರ್ಯವೂ ಇಲ್ಲದೆ ಸಿಟ್ಟನ್ನು ಮಾತ್ರ ಇಟ್ಟುಕೊಂಡವನಿಗೆ ‘ಕೈಲಾಗದವನು ಮೈ ಪರಚಿಕೊಂಡ’ ಎಂಬ ಗಾದೆಯಿದೆ.

ಪ್ರಶ್ನೆ: ಅಳ್ಳೆದೆ, ಎಂಟೆದೆ, ಕೆಚ್ಚೆದೆ ಇವುಗಳನ್ನು ಬಿಡಿಸಿ ಹೇಳುವಿರಾ? ಅಳ್ಳೆ ಎಂದರೆ ಪಕ್ಕೆ ಅಲ್ಲವೇ?
– ಓದುಗರು, ಸಾಗರ

ಉತ್ತರ: ಅಳ್ಳೆ ಎಂದರೆ ಪಕ್ಕೆಲುಬಿನ ಕೆಳಗಿನ ಮೆತ್ತನೆಯ ಭಾಗ ಎಂಬುದು ಸರಿ, ಓಡಿ ಬಂದ ಎತ್ತಿನ ಅಳ್ಳೆ ಹೊಡೆದುಕೊಳ್ಳುತ್ತದೆ. ಆದರೆ ಅಳ್ಳೆದೆಯಲ್ಲಿರುವುದು ಆ ಅಳ್ಳೆಯಲ್ಲ, ನಡುಗು ಎಂಬ ಅರ್ಥದ ‘ಅಳ್ಳು’. ಅಳ್ಳು ಮತ್ತು ಎದೆ, ಲೋಪ ಸಂಧಿ. ‘ಅಳುಕು’ ಎಂಬುದೂ ಹತ್ತಿರದ ಪದವೇ. ಎಂಟೆದೆ ಸುಲಭ, ಒಂದಲ್ಲ ಎಂಟು ಎದೆ ಇದ್ದವನು.

ಮೂರರಲ್ಲಿ ನಮಗೆ ಇಷ್ಟವಾದದ್ದು ಕೆಚ್ಚೆದೆ, ಏಕೆಂದರೆ ಅದು ಬಡಗಿಯ ಕೊಟ್ಟಿಗೆಯಿಂದ ಬಂದದ್ದು. ತೇಗದ ದಿಮ್ಮಿಯನ್ನು ಅಡ್ಡ ಕೊಯ್ದರೆ ಹೊರಗೆ ಬಿಳಿಯ ಬಳೆ, ಒಳಗೆ ಕಂದು ಬಣ್ಣದ ತಿರುಳು. ಆ ಒಳಗಿನದು ಕೆಚ್ಚು. ಹೊರಗಿನ ಬಿಳಿ ಭಾಗದಲ್ಲಿ ರಸ ಹರಿಯುತ್ತದೆ, ಪಿಷ್ಟ ಇರುತ್ತದೆ, ಆದ್ದರಿಂದ ಗೆದ್ದಲಿಗೂ ಕೊರೆಯುವ ಹುಳುವಿಗೂ ಅದೇ ರುಚಿ. ಕೆಚ್ಚಿನಲ್ಲಿ ರಸದ ಓಡಾಟ ನಿಂತು, ಮರ ತಾನೇ ಸೇರಿಸಿಕೊಂಡ ಎಣ್ಣೆ, ಅಂಟಿನಂಥ ಪದಾರ್ಥಗಳು ತುಂಬಿರುವುದರಿಂದ ಹುಳುವಿಗೆ ಹಲ್ಲೂರಲು ಆಗುವುದಿಲ್ಲ. ಬಾಗಿಲ ಚೌಕಟ್ಟಿಗೆ ಬಿಳಿ ಸೇರಿದ ತುಂಡು ಬಂದರೆ ತಿಳಿದ ಬಡಗಿ ಪಕ್ಕಕ್ಕೆ ಇಡುತ್ತಾನೆ. ಕೆಚ್ಚೆದೆ ಎಂದರೆ ಹುಳು ಹೋಗದ ಎದೆ.

ಪ್ರಶ್ನೆ: ಇಂಗ್ಲಿಷ್ ಸರಣಿಗಳಿಗೆ ಕನ್ನಡ ಅಡಿಬರಹ ಬರೆಯುತ್ತೇನೆ. ‘ಕವರ್ಡ್’, ‘ಸಿಸ್ಸಿ’, ‘ಚಿಕನ್’ ಬಂದಾಗಲೆಲ್ಲ ಹೇಡಿ ಎಂದೇ ಹಾಕುತ್ತಿದ್ದೇನೆ. ಸರಿಯೇ?
– ಓದುಗರು, ಸಿಂಗಪುರ

ಉತ್ತರ: ಕವರ್ಡ್‌ಗೆ ಹೇಡಿ ಸರಿ. ಆ ಪದ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಬಾಲ’ದಿಂದ ಬಂದದ್ದು. ನಮ್ಮಲ್ಲೂ ಸೋತವನು ಬಾಲ ಮುದುರಿಕೊಂಡೇ ಓಡುತ್ತಾನೆ. ಹುಡುಗರು ಒಬ್ಬರನ್ನೊಬ್ಬರು ಕೆಣಕುವಾಗ ಬರುವ ಚಿಕನ್‌ಗೆ ಹೇಡಿ ತೀರ ಭಾರವಾಯಿತು, ಅಲ್ಲಿ ‘ಪುಕ್ಕಲ’ ಅಥವಾ ‘ಹೆದರುಪುಕ್ಕಲ’ ಸಾಕು. ಅಡಿಬರಹದಲ್ಲಿ ಜಾಗ ಕಡಿಮೆಯಿದ್ದರೆ ‘ಪುಕ್ಕಲ’ವೇ ವಾಸಿ. ‘ಕೋಳಿ’ ಎಂದು ಮಾತ್ರ ಹಾಕಬೇಡಿ, ನೋಡುವವರಿಗೆ ಹಸಿವಾದೀತು. ಸಿಸ್ಸಿ ಹುಟ್ಟಿದ್ದು ಅಕ್ಕತಂಗಿಯನ್ನು ಕರೆಯುವ ‘ಸಿಸ್’ನಿಂದ. ಆಡುವ ಪಾತ್ರ ಹೆಣ್ಣಿಗನೆಂದು ಮೂದಲಿಸುತ್ತಿದೆಯೋ ಸುಮ್ಮನೆ ಅಂಜುಬುರುಕ ಎನ್ನುತ್ತಿದೆಯೋ ನೋಡಿ ಆರಿಸಿ.

ಪ್ರಶ್ನೆ: ತುಳುವಿನಲ್ಲಿ ಹೆದರಿಕೆಗೆ ‘ಪೋಡಿಗೆ’. ಹೋಟೆಲಿನ ‘ಪೋಡಿ’ಗೂ, ಸರ್ವೆಯವರು ಮಾಡುವ ‘ಪೋಡಿ’ಗೂ ಇದಕ್ಕೂ ಸಂಬಂಧ ಉಂಟೇ?
– ಓದುಗರು, ಬಂಟ್ವಾಳ

ಉತ್ತರ: ಹೆದರಿಕೆಯ ಪೋಡಿಗೆ ಮೇಲೆ ಹೇಳಿದ ಪೇಡಿಯ ಮನೆಯದು. ಪವರ್ಗದ ಅಕ್ಷರಕ್ಕೂ ಟ, ಡ, ಣದಂಥ ಅಕ್ಷರಕ್ಕೂ ನಡುವೆ ಸಿಕ್ಕಿಕೊಂಡ ಎಕಾರವನ್ನು ತುಳು ಒಕಾರ ಮಾಡುತ್ತದೆ. ಪೆಣ್ ‘ಪೊಣ್ಣು’ ಆದಂತೆ ಪೇಡಿ ಪೋಡಿಯಾಯಿತು. ಉಳಿದ ಎರಡು ಬೇರೆ ಮನೆಯವು, ಆದರೆ ಅವೆರಡೂ ತಮ್ಮತಮ್ಮಲ್ಲಿ ಅಣ್ಣತಮ್ಮಂದಿರು. ಕೊಂಕಣಿ, ಮರಾಠಿಯಲ್ಲಿ ‘ಫೋಡ್’ ಎಂದರೆ ಹೋಳು. ಜೀಗುಜ್ಜೆಯನ್ನು ಹೋಳು ಮಾಡಿ ಕರಿದರೆ ಹೋಟೆಲಿನ ಪೋಡಿ, ಒಂದು ಸರ್ವೆ ನಂಬರನ್ನು ಹೋಳು ಮಾಡಿ ಪಾಲುದಾರರಿಗೆ ಗುರುತಿಸಿಕೊಟ್ಟರೆ ಕಂದಾಯದ ಪೋಡಿ.